ಮಿಲೆಯ ‘ಆಂಜೆಲಸ್’: ಕೈ ಬದಲಾದ ಚಿತ್ರ, ಏರಿದ ಬೆಲೆ

ಫ್ರಾನ್ಸಿನ ಚಿತ್ರಕಾರ ಝಾನ್-ಫ್ರಾನ್ಸ್ವಾ ಮಿಲೆಯ ‘ಆಂಜೆಲಸ್’ 55.5 ಸೆಂಟಿಮೀಟರ್ ಎತ್ತರ, 66 ಸೆಂಟಿಮೀಟರ್ ಅಗಲದ ತೈಲಚಿತ್ರ. 1857 ಮತ್ತು 1859ರ ನಡುವೆ ರಚಿತವಾದದ್ದು. ಆಲೂಗಡ್ಡೆ ಅಗೆಯುತ್ತಿದ್ದ ಗಂಡು-ಹೆಣ್ಣು ಆಂಜೆಲಸ್ ಪ್ರಾರ್ಥನೆಗೆ ಕರೆಯುವ ಚರ್ಚಿನ ಗಂಟೆ ಕೇಳಿ ಕೆಲಸ ನಿಲ್ಲಿಸಿ, ತಲೆ ಬಾಗಿಸಿ ಪ್ರಾರ್ಥಿಸುತ್ತಾರೆ. ಗಂಟೆ ಕೇಳಿದೊಡನೆ ಹೊಲದ ಕೆಲಸ ಬಿಡಿಸಿ ಸತ್ತವರಿಗಾಗಿ ಪ್ರಾರ್ಥನೆ ಹೇಳಿಸುತ್ತಿದ್ದ ಅಜ್ಜಿಯ ನೆನಪೇ ಇದರ ಮೂಲವೆಂದು ಮಿಲೆ 1865ರಲ್ಲಿ ಹೇಳಿದ್ದಾನೆ. ಸಂಜೆಯ ಬೆಳಕಿಗೆ ಬೆನ್ನಾದ ಮುಖಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಭಾವವನ್ನೆಲ್ಲ ಬಾಗಿದ ಮೈಗಳೇ ಹೇಳುತ್ತವೆ. ಹತ್ತಿರ ನಿಂತು, ಸಾವಧಾನವಾಗಿ ನೋಡಬೇಕಾದ ಚಿತ್ರವಿದು. ಅದರ ಮುಂದಿನ ಬದುಕು ಮಾತ್ರ ಸಂತೆಯ ನಡುವೆಯೇ ಸಾಗಿತು.

ಚಿತ್ರವನ್ನು ಬರೆಸಿದ ಅಮೆರಿಕದ ಥಾಮಸ್ ಗೋಲ್ಡ್ ಆಪಲ್ಟನ್ ಅದನ್ನು ಕೊಂಡೊಯ್ಯಲೇ ಇಲ್ಲ. 1860ರಲ್ಲಿ ಬೆಲ್ಜಿಯಂನ ಚಿತ್ರಕಾರ ವಿಕ್ಟರ್ ದ ಪಾಪಲೆ 1,000 ಫ್ರಾಂಕ್‌ಗೆ ಕೊಂಡ. ಅಲ್ಲಿಂದ ಹಲವು ಸಂಗ್ರಾಹಕರ, ವ್ಯಾಪಾರಿಗಳ ಕೈ ದಾಟಿ 1881ರಲ್ಲಿ 1,60,000 ಫ್ರಾಂಕ್‌ಗೆ ತಾಮ್ರದ ಉದ್ಯಮಿ ಸೆಕ್ರೆತಾನ್‌ನನ್ನು ಸೇರಿತು. ಮಿಲೆ 1875ರಲ್ಲೇ ತೀರಿಕೊಂಡಿದ್ದ.

ತಾಮ್ರದ ಮಾರುಕಟ್ಟೆಯನ್ನು ಹಿಡಿತಕ್ಕೆ ತೆಗೆದುಕೊಳ್ಳಲು ಹೋಗಿ ಸೆಕ್ರೆತಾನ್ ದಿವಾಳಿಯಾದ; 1889ರ ಜುಲೈನಲ್ಲಿ ಅವನ ಸಂಗ್ರಹ ಹರಾಜಿಗೆ ಬಂತು. ಫ್ರಾನ್ಸಿನ ಪರವಾಗಿ ಆಂತೊನಾನ್ ಪ್ರೂಸ್ತ್ 5,53,000 ಫ್ರಾಂಕ್‌ಗೆ ಕೂಗಿ ಗೆದ್ದರೂ ಸರ್ಕಾರದ ಹಣ ಮಂಜೂರಾಗಲಿಲ್ಲ. ಚಿತ್ರ ಅಮೆರಿಕನ್ ಆರ್ಟ್ ಅಸೋಸಿಯೇಷನ್ ಪಾಲಾಗಿ ಅಮೆರಿಕದ ನಗರಗಳಲ್ಲಿ ಪ್ರದರ್ಶನಗೊಂಡಿತು. ಈ ಪ್ರದರ್ಶನಗಳು ಚಿತ್ರಕ್ಕೆ ಅನ್ಯಾಯ ಮಾಡಿದವು ಎನ್ನಲೇಬೇಕು: ಜನ ನೆರೆದದ್ದು ಆ ರೈತರಿಗಿಂತ ಹೆಚ್ಚಾಗಿ ಅವರ ಬೆಲೆಯನ್ನು ನೋಡಲು. 1890ರಲ್ಲಿ ಪ್ಯಾರಿಸ್‌ನ ವರ್ತಕ ಆಲ್‌ಫ್ರೆಡ್ ಶೋಶಾರ್ ಇನ್ನೂ ಹೆಚ್ಚಿನ ಮೊತ್ತ ತೆತ್ತು ಅದನ್ನು ಮರಳಿ ತಂದ. ಅಷ್ಟರಲ್ಲಿ ಅಜ್ಜಿಯ ನೆನಪಿನ ಚಿತ್ರ ರಾಷ್ಟ್ರಾಭಿಮಾನದ ಲಾಂಛನವಾಗಿತ್ತು. ಅದರ ಅಗ್ಗದ ಪ್ರತಿಗಳು ಮನೆಮನೆಯ ಗೋಡೆಯೇರಿದವು.

ಶೋಶಾರ್‌ನ ಉಯಿಲಿನಂತೆ 1910ರಲ್ಲಿ ಅದು ಲೂವ್ರ್ ಸೇರಿತು. ಅಲ್ಲಿಯೇ 1932ರಲ್ಲಿ ಒಬ್ಬಾತ ಚಾಕುವಿನಿಂದ ಅದನ್ನು ಹರಿದ. ಚಿತ್ರದಲ್ಲಿ ಆ ಇಬ್ಬರ ಕಾಲ ಬಳಿಯಿರುವ ಬುಟ್ಟಿಯ ಜಾಗದಲ್ಲಿ ಮೊದಲು ಮಗುವಿನ ಶವಪೆಟ್ಟಿಗೆಯಿತ್ತೆಂಬುದು ಚಿತ್ರಕಾರ ಸಾಲ್ವಡೋರ್ ಡಾಲಿಯ ಊಹೆ. 1963ರ ಎಕ್ಸ್-ರೇ ಅಲ್ಲೊಂದು ಆಕಾರ ಮುಚ್ಚಿಹೋಗಿರುವುದನ್ನು ತೋರಿಸಿತು. ಅದು ಶವಪೆಟ್ಟಿಗೆಯೇ ಎನ್ನಲು ಆ ಆಕಾರವೊಂದೇ ಸಾಲದು; ಕಾಣುವ ದುಃಖಕ್ಕೆ ಅಡಗಿದ ಕಾರಣ ಹುಡುಕುವ ಅಗತ್ಯವೂ ಈ ಚಿತ್ರಕ್ಕಿಲ್ಲ. 1986ರಿಂದ ಅದು ಓರ್ಸೆ ಸಂಗ್ರಹಾಲಯದಲ್ಲಿದೆ.

ಮಾಲೀಕತ್ವದ ಈ ಚರಿತ್ರೆಯಿಂದ ಕಲಾವಿದರಿಗೆ ಒದಗಿದ ನಿಜವಾದ ಲಾಭ ಒಂದು ಕಾನೂನು. ಬೆಲೆ ಸಾವಿರದಿಂದ ಲಕ್ಷಗಳಿಗೆ ಏರಿದರೂ ಆ ಏರಿಕೆಯಲ್ಲಿ ಮಿಲೆಗಾಗಲಿ ಅವನ ಮನೆಯವರಿಗಾಗಲಿ ಪಾಲು ಸಿಗಲಿಲ್ಲ. ಮರುಮಾರಾಟದಲ್ಲಿ ಕಲಾವಿದರಿಗೆ ಹಕ್ಕು ಕೇಳಿದವರು ಇದನ್ನೇ ಮುಂದಿಟ್ಟರು. 1920ರಲ್ಲಿ ಫ್ರಾನ್ಸ್ ಅಂಥ ಕಾಯಿದೆ ಮಾಡಿತು. ಭಾರತದಲ್ಲಿ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿ ಸೇರಿಸಿದ 53ಎ ಕಲಮು ಇದೇ ಜಾಡಿನದು. ಮೂಲ ಕೃತಿ 10,000 ರೂಪಾಯಿಗೂ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ಶೇ. 10ನ್ನು ಮೀರದ ಪಾಲು ಸಲ್ಲಬೇಕೆಂದು ಅದು ಹೇಳುತ್ತದೆ.