ಕೆಂಪು ಅಠಾರಾ ಕಚೇರಿ

ಕಬ್ಬನ್ ಪಾರ್ಕಿನ ಮರಗಳ ನಡುವಿನಿಂದ ಬೆಂಗಳೂರಿನ ಹೈಕೋರ್ಟ್ ಕಟ್ಟಡ ಕಂಡಾಗೆಲ್ಲ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಅಷ್ಟು ಹಸಿರಿಗೆ ಆ ಕೆಂಪೇ ಬೇಕಿತ್ತು ಅನ್ನಿಸುತ್ತದೆ.

ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ ಸರ್ಕಾರದ ಕಡತಗಳೆಲ್ಲ ಕೋಟೆಯ ಟಿಪ್ಪು ಅರಮನೆಯಲ್ಲಿದ್ದವು. ಜಾಗ ಸಾಲದಾಯಿತು, ಅರಮನೆಯೂ ಶಿಥಿಲವಾಗಿತ್ತು. ಬೌರಿಂಗ್ ಕಮಿಷನರಾಗಿದ್ದಾಗ ಈ ಕೆಂಪು ಕಟ್ಟಡ ಎದ್ದಿತು. 1868ರಲ್ಲಿ ಹದಿನೆಂಟು ಇಲಾಖೆಗಳು ಇಲ್ಲಿಗೆ ಬಂದವು. ಉರ್ದುವಿನಲ್ಲಿ ಹದಿನೆಂಟಕ್ಕೆ ಅಠಾರಾ. ಜನ ಅದನ್ನು ಅಠಾರಾ ಕಚೇರಿ ಎಂದರು. ಎಷ್ಟು ಸೊಗಸಾದ ಹೆಸರು! ಯಾವ ದೊರೆಯದೂ ಅಲ್ಲ, ಬರೀ ಎಣಿಕೆ.

ಹತ್ತಿರ ಹೋಗಿ ಕಂಬಗಳನ್ನು ನೋಡಬೇಕು. ಮೈಯುದ್ದಕ್ಕೂ ಸಣ್ಣ ಗೀರುಗಾಲುವೆಗಳು, ತುದಿಯಲ್ಲಿ ಟಗರಿನ ಕೊಂಬಿನಂತೆ ಸುರುಳಿ. ಗ್ರೀಕರ ಅಯಾನಿಕ್ ಶೈಲಿ. ಬೆಳಗಿನ ಓರೆ ಬಿಸಿಲಿಗೆ ಆ ಗೀರುಗಳಲ್ಲಿ ನೆರಳು ತುಂಬಿಕೊಂಡರೆ ಕಂಬ ಇನ್ನೂ ಎತ್ತರವಾಗಿ ಕಾಣುತ್ತದೆ.

1956ರಲ್ಲಿ ಎದುರಿಗೆ ವಿಧಾನಸೌಧ ಸಿದ್ಧವಾಗಿ ಇಲ್ಲಿದ್ದ ಸಚಿವಾಲಯ ರಸ್ತೆ ದಾಟಿತು. 1980ರ ದಶಕದಲ್ಲಿ ಹಳೆಯದನ್ನು ಕೆಡವುವ ಯೋಚನೆಯೂ ನಡೆಯಿತು. ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಕಟ್ಟಡ ಉಳಿಯಿತು. ಈಗಲೂ ಕರಿಕೋಟಿನ ವಕೀಲರು ಕಡತ ಅವುಚಿಕೊಂಡು ಅದೇ ಕಂಬಗಳ ಮಧ್ಯೆ ಓಡಾಡುತ್ತಾರೆ.