ಹಳೆಯ ಕಮೊಡೋರ್‌ಗೆ ಬೆಲೆ ಕಟ್ಟುವವರು

ಕಮೊಡೋರ್ 64 ಅಪರೂಪದ ಕಂಪ್ಯೂಟರೇನಲ್ಲ. 1982ರಲ್ಲಿ 595 ಡಾಲರ್‌ಗೆ ಅಮೆರಿಕದ ಮಾರುಕಟ್ಟೆಗೆ ಬಂದು, ಮುಂದೆ ಕೋಟಿಗೂ ಮೀರಿ ಮಾರಾಟವಾದ ಯಂತ್ರ ಅದು. ನ್ಯಾಯವಾದ ಬೆಲೆ ಕಟ್ಟುವುದು ಕಷ್ಟವಾಗುವುದೂ ಅದರಿಂದಲೇ. ಸುಮಾರು 200 ಮಾತ್ರ ತಯಾರಾದ ಆಪಲ್-1 ಸಿಕ್ಕರೆ ಹರಾಜಿನವರೇ ಓಡಿ ಬರುತ್ತಾರೆ; ಇಲ್ಲಿ ಕಣ್ಣಿಗೆ ಕೆಲಸ ಜಾಸ್ತಿ.

ಪಳಗಿದ ಸಂಗ್ರಾಹಕರು ಮೊದಲು ನೋಡುವುದು ಲೇಬಲ್ಲನ್ನು. ಕಾಮನಬಿಲ್ಲಿನ ಪಟ್ಟೆಗಳಿಲ್ಲದೆ ಬರೀ ಬೆಳ್ಳಿ ಬಣ್ಣದ್ದಾಗಿದ್ದರೆ ಅದು ಮೊದಮೊದಲ ತಯಾರಿಕೆ, ಬೆಲೆ ಏರಿತೆಂದೇ ಲೆಕ್ಕ. ಆಮೇಲೆ ಸ್ಕ್ರೂ ಬಿಚ್ಚಿ ಒಳಗೆ ಇಣುಕುತ್ತಾರೆ. ಬಾಬ್ ಯಾನ್ನೆಸ್ ವಿನ್ಯಾಸಗೊಳಿಸಿದ ಸಿಡ್ ಎಂಬ ಧ್ವನಿ ಚಿಪ್ ಇದ್ದ ಜಾಗದಲ್ಲೇ ಇದೆಯೇ? ಅದನ್ನು ಕಿತ್ತು ಬೇರೆಯಾಗಿ ಮಾರಿಕೊಂಡವರೂ ಇದ್ದಾರೆ. ಇನ್ನು, ಮಾರುವವನು ‘ಆನ್ ಮಾಡಿ ತೋರಿಸ್ತೀನಿ ಇರಿ’ ಎಂದು ಹಳೆಯ ಅಡಾಪ್ಟರನ್ನೇ ಸಿಕ್ಕಿಸಲು ಹೊರಟರೆ, ಕೈ ಹಿಡಿದು ತಡೆಯುವವರೇ ಬಲ್ಲವರು. ಇಟ್ಟಿಗೆಯಂಥ ಆ ಡಬ್ಬಿಯೊಳಗಿನ ರೆಗ್ಯುಲೇಟರ್ ಕೆಟ್ಟಿದ್ದರೆ 5 ವೋಲ್ಟ್ ಇರಬೇಕಾದದ್ದು ಮೇಲೇರಿ ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ. ಮಲ್ಟಿಮೀಟರ್ ಇಟ್ಟು ನೋಡಿದ ಮೇಲೇ ಮುಂದಿನ ಮಾತು.

ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಹೊಸದರಂತೆ ಮಾಡಿದ್ದಕ್ಕೆ ಹೆಚ್ಚು ಕೊಡುವವರಿದ್ದಾರೆ. ನಾನಾದರೆ ಕೊಡೆ, ಬಣ್ಣ ಮತ್ತೆ ಹಳದಿಗೆ ತಿರುಗುವುದುಂಟು.

ಅಂತರ್ಜಾಲದಲ್ಲಿ ಕೇಳುವ ಬೆಲೆಗೆ ಪಳಗಿದ ಸಂಗ್ರಾಹಕರು ಸೊಪ್ಪು ಹಾಕುವುದಿಲ್ಲ. ನಿಜಕ್ಕೂ ಮಾರಾಟವಾದ ಮೊತ್ತಗಳನ್ನಷ್ಟೇ ಹುಡುಕಿ ತೆಗೆಯುತ್ತಾರೆ. ‘ಪರೀಕ್ಷಿಸಿಲ್ಲ’ ಎಂದು ಬರೆದಿದ್ದರೆ ಕೆಟ್ಟಿದೆ ಎಂದೇ ಓದಿಕೊಂಡು, ದುರಸ್ತಿಯ ಖರ್ಚು ಕಳೆದೇ ಚೌಕಾಸಿಗೆ ಇಳಿಯುತ್ತಾರೆ.