ಹರಳಯ್ಯನ ಕೈ ಯಾಕ ಇಷ್ಟು ನುಣುಪು?

ಫೋಟೊಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿ, ಕ್ಯಾನ್ವಾಸ್ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಅದರ ಮೇಲೆ ಎಣ್ಣೆಬಣ್ಣ ಹಚ್ಚುವ ಕಲಾವಿದರು ಈಗ ಎಲ್ಲ ಕಡೆ ಇದ್ದಾರೆ. ಇಂಥ ಚಿತ್ರ ಕಂಡ ಕೂಡಲೇ ಚಿಟಗುಪ್ಪದಂಥ ಊರಲ್ಲೂ ಒಂದೇ ಪ್ರಶ್ನೆ: "ಇದು ಕೈಲೆ ತೆಗದದ್ದೋ, ಮಶೀನಿಂದೋ?" ಶುದ್ಧ ಕಲೆಯ ವಾರಸುದಾರರು ಕೇಳುವುದೂ ಇದನ್ನೇ, ಭಾಷೆ ಬೇರೆ ಅಷ್ಟೆ. ನಮಗೆ ಈ ಪ್ರಶ್ನೆಯಲ್ಲೇ ಮಡಿಯ ವಾಸನೆ ಬರುತ್ತದೆ. ಕೈ ಮುಟ್ಟಿದರೆ ಪವಿತ್ರ, ಯಂತ್ರ ಮುಟ್ಟಿದರೆ ಮೈಲಿಗೆ! ಕೈಕೆಲಸದವರನ್ನೇ ಊರ ಹೊರಗಿಟ್ಟ ಸಮಾಜಕ್ಕೆ ಇದ್ದಕ್ಕಿದ್ದಂತೆ ಕೈಯ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಹುಟ್ಟಿತು?

ಎಣ್ಣೆಬಣ್ಣದ ಈ ಪದ್ಧತಿ ಯುರೋಪಿನಿಂದ ಬಂದದ್ದು. ಅದರೊಳಗಿನ ಎಣ್ಣೆಯೊಂದೇ ನಮಗೆ ಪರಿಚಯದ್ದು: ಅಗಸಿ ಎಣ್ಣೆ. ನಾವು ಚಟ್ನಿ ಕುಟ್ಟುವ ಅದೇ ಅಗಸಿ. ಅದು ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕ ಕುಡಿದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಯಂತ್ರವೂ ಈ ಕಲೆಗೆ ಹೊಸ ನೆಂಟನಲ್ಲ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದು, ಜರ್ಮನ್ ತಂತ್ರಜ್ಞರನ್ನು ಕರೆಸಿ, ತನ್ನ ಎಣ್ಣೆಬಣ್ಣದ ಲಕ್ಷ್ಮಿ ಸರಸ್ವತಿಯರನ್ನು ಕಲ್ಲಚ್ಚಿನಲ್ಲಿ ಒತ್ತಿಸಿ ಮನೆಮನೆಗೆ ಕಳಿಸಿದ. ಯುರೋಪಿನ ಹಳೆಯ ದಿಗ್ಗಜರೂ ಕನ್ನಡಿ, ಮಸೂರ ಇಟ್ಟುಕೊಂಡು ಚಿತ್ರ ಬರೆದರೆಂದು ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ 2001ರಲ್ಲಿ ಒಂದು ಪುಸ್ತಕವನ್ನೇ ಬರೆದು ವಾದಿಸಿದ. ಮುಂದೆ ಅವನೇ ಫೋನು, ಐಪ್ಯಾಡುಗಳ ಮೇಲೆ ಬೆರಳಾಡಿಸಿ ಚಿತ್ರ ಬರೆದ. ಆದ್ದರಿಂದ ಕಂಪ್ಯೂಟರಿನ ಬಗ್ಗೆ ನಮ್ಮ ತಕರಾರಿಲ್ಲ. ಅದು ಯಾರ ಮುಖ ತೋರಿಸುತ್ತದೆ, ಯಾರ ಮುಖ ಒರೆಸುತ್ತದೆ ಎಂಬುದು ನಮ್ಮ ತಕರಾರು.

ನಮ್ಮ ಭಾಗದ ಎಸ್. ಎಂ. ಪಂಡಿತರನ್ನೇ ನೋಡೋಣ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, 'ಫಿಲ್ಮಿಂಡಿಯಾ' ಪತ್ರಿಕೆಯ ಮುಖಪುಟ, ಆಮೇಲೆ ಪುರಾಣದ ಚಿತ್ರಗಳನ್ನು ಬರೆದು ದೇಶಕ್ಕೆಲ್ಲ ಹೆಸರಾದರು, 1993ರಲ್ಲಿ ತೀರಿಕೊಂಡರು. ಅವರ ಕುಂಚದ ಶಕ್ತಿಯನ್ನು ಅಲ್ಲಗಳೆಯುವ ದಡ್ಡತನ ನಮಗಿಲ್ಲ. ಬೆಳಕು ಮೈಮೇಲೆ ಹರಿದು ಬರುವ ರೀತಿ ನೋಡಿದರೆ ಇವತ್ತಿಗೂ ಬೆರಗಾಗುತ್ತದೆ. ಆದರೆ ಆ ಮೈ ಯಾರದು? ಬಿಸಿಲು ಕಾಣದ, ಹೊರೆ ಹೊರದ, ಮಿರಿಮಿರಿ ಮಿಂಚುವ ದೇವದೇವತೆಯರದು. ಆ ಚಿತ್ರಗಳು ಆಫ್‌ಸೆಟ್ ಯಂತ್ರದ ಬಣ್ಣದ ಚುಕ್ಕೆಗಳಾಗಿ ಒಡೆದು, ಕ್ಯಾಲೆಂಡರುಗಳಾಗಿ ನಮ್ಮ ಕೇರಿಯ ಗುಡಿಸಲಿಗೂ ಬಂದು ಮೊಳೆಗೆ ತೂಗುಬಿದ್ದವು. ಸುಂದರ ಅಂದರೆ ಏನೆಂದು ನಮ್ಮ ಮಕ್ಕಳು ಕಲಿತದ್ದು ಆ ಗೋಡೆಯಿಂದ. ಕರಿ ಮೈ ಅಲ್ಲಿ ರಾಕ್ಷಸರಿಗೆ ಮೀಸಲು. (ಕೃಷ್ಣ ಕಪ್ಪು ಎಂದು ವಾದಕ್ಕೆ ಬರುವವರು ಕ್ಯಾಲೆಂಡರಿನ ಕೃಷ್ಣನ ಬಣ್ಣ ನೀಲಿ ಯಾಕೆ ಎಂದು ಮೊದಲು ಹೇಳಲಿ.)

ಕಂಪ್ಯೂಟರು ಬಂದ ಮೇಲೆ ಇದು ತಪ್ಪಿತೇ? ಇನ್ನೂ ಹೆಚ್ಚಾಯಿತು. ಫೋಟೊ ತೆಗೆಸಲು ಹೋದವರು ತಾವೇ ಹೇಳುತ್ತಾರೆ: "ಜರಾ ಗೋರಾ ಮಾಡ್ರಿ." ಹೇಳದಿದ್ದರೂ ಫೋನು ತಾನೇ ಮಾಡುತ್ತದೆ. ಚರ್ಮ ನುಣುಪು ಮಾಡುವ ತಂತ್ರದ ಗುಟ್ಟು ಇಷ್ಟೆ: ಪಕ್ಕಪಕ್ಕದ ಚುಕ್ಕೆಗಳ ಬಣ್ಣವನ್ನು ಒಂದರೊಳಗೊಂದು ಕಲಸಿ ಸರಾಸರಿ ತೆಗೆಯುವುದು. ಸುಕ್ಕು, ಗಾಯದ ಕಲೆ, ಬಿಸಿಲಿಗೆ ಸುಟ್ಟ ಗುರುತು, ಎಲ್ಲವೂ ಆ ಸರಾಸರಿಯಲ್ಲಿ ಮಂಗಮಾಯ. ಕ್ಯಾಮರಾದ ಜಾತಿಬುದ್ಧಿ ಹಳೆಯದು. ಅಮೆರಿಕದ ಕೊಡ್ಯಾಕ್ ಕಂಪನಿ ದಶಕಗಳ ಕಾಲ ಬಿಳಿ ಹೆಂಗಸಿನ ಫೋಟೊ ಇದ್ದ ಕಾರ್ಡನ್ನು ಅಳತೆಗೋಲು ಮಾಡಿಕೊಂಡು ಬಣ್ಣ ಹೊಂದಿಸುತ್ತಿತ್ತು. 'ಶರ್ಲಿ ಕಾರ್ಡ್' ಅಂತ ಅದರ ಹೆಸರು. ಅವಳ ಕೆನ್ನೆ ಸರಿ ಬಂದರೆ ಜಗತ್ತೇ ಸರಿ ಬಂದಂತೆ. ಈಗ ಕೇಳಿದ ಕೂಡಲೇ ಚಿತ್ರ ಹುಟ್ಟಿಸುವ ಕೃತಕ ಬುದ್ಧಿಯೂ, ಇರುವ ಚಿತ್ರಗಳನ್ನೇ ತಿಂದು ಬೆಳೆದದ್ದು. ಕ್ಯಾಲೆಂಡರು ಉಂಡದ್ದು ಕ್ಯಾಲೆಂಡರನ್ನೇ ಕಕ್ಕುತ್ತದೆ.

ಚಿಟಗುಪ್ಪಕ್ಕೆ ಕಲ್ಯಾಣ ದೂರವಲ್ಲ. ಅಲ್ಲಿ ಹರಳಯ್ಯನ ಗವಿ ಇದೆ. ಸಮಗಾರ ಹರಳಯ್ಯ ಹೆಂಡತಿ ಕಲ್ಯಾಣಮ್ಮನ ಜೊತೆ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಮೆಟ್ಟು ಮಾಡಿದನೆಂಬುದು ನಮ್ಮ ಜನದ ನೆನಪು. ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡದ್ದಕ್ಕೆ ಜೀವ ತೆತ್ತವನು. ಹನ್ನೆರಡನೆಯ ಶತಮಾನದ ಈ ಮನುಷ್ಯನ ಮುಖ ಯಾರೂ ಕಂಡಿಲ್ಲ. ಚಿತ್ರಕಾರ ಕಲ್ಪಿಸಿಯೇ ಬರೆಯಬೇಕು. ಸರಿ, ಕಲ್ಪಿಸಲಿ. ಆದರೆ ನಾವು ಕಂಡ ಅಚ್ಚಿನ ಚಿತ್ರಗಳಲ್ಲಿ ಹರಳಯ್ಯನ ಕೈ ಪೂಜಾರಿಯ ಕೈಯಂತೆ ಮೆತ್ತಗಿದೆ. ಉಳಿ ಹಿಡಿದು, ದಾರ ಎಳೆದು ಸೀಳಿದ ಬೆರಳಿಲ್ಲ. ತಂಗಡಿ ತೊಗಟೆಯ ನೀರಲ್ಲಿ ತೊಗಲು ಹದ ಮಾಡಿ ಕಪ್ಪಿಟ್ಟ ಉಗುರಿಲ್ಲ. ಕೈಯನ್ನೇ ಕಿತ್ತುಕೊಂಡ ಮೇಲೆ ಹರಳಯ್ಯನಲ್ಲಿ ಉಳಿದದ್ದೇನು, ವಿಭೂತಿಯೊಂದೇ ಅಲ್ಲವೇ?

ಕಂಪ್ಯೂಟರು ಕೆಲಸಕ್ಕೆ ಬರುವುದು ಇಲ್ಲಿಯೇ. ಇವತ್ತೂ ಬಸ್ ಸ್ಟ್ಯಾಂಡಿನ ಬದಿ ಚಪ್ಪಲಿ ಹೊಲಿಯುವ ಮುದುಕರಿದ್ದಾರೆ. ಅವರ ಹತ್ತಿರ ಕೂತು, ಒಪ್ಪಿಗೆ ಕೇಳಿ, ಫೋನಿನಲ್ಲೇ ಹತ್ತಾರು ಕೈಗಳ ಫೋಟೊ ತೆಗೆಯಲಿ. ಒಬ್ಬರ ಮಣಿಕಟ್ಟು, ಒಬ್ಬರ ಹೆಬ್ಬೆರಳು, ಇನ್ನೊಬ್ಬರ ಬಾಗಿದ ಬೆನ್ನು ಕೂಡಿಸಿ ಹರಳಯ್ಯನನ್ನು ಕಟ್ಟಲಿ. ರವಿವರ್ಮನ ಕಾಲದಲ್ಲಿ ಇಷ್ಟು ಸಲೀಸು ಇರಲಿಲ್ಲ. ಆಮೇಲೆ ಎಣ್ಣೆಬಣ್ಣ ಬರಲಿ. ಕರಿ ಚರ್ಮ ಒಂದೇ ಕರಿ ಬಣ್ಣದಿಂದ ಆಗುವುದಿಲ್ಲ. ಕೆಮ್ಮಣ್ಣಿನ ಕಂದು, ನೀಲಿ, ಕೆಂಪು ಪದರ ಪದರವಾಗಿ ಕೂತಾಗ ಜೀವ ಬರುತ್ತದೆ. ಅಗಸಿ ಎಣ್ಣೆಯ ನಿಧಾನ ಬೇಕಾಗುವುದು ಆ ಪದರಗಳಿಗೆ. ಅಚ್ಚಾದ ಫೋಟೊದ ಮೇಲೆ ಸುಮ್ಮನೆ ಎರಡು ಬಳಿ ಬಳಿದು 'ಆಯಿಲ್ ಪೇಂಟಿಂಗ್' ಅಂತ ಮಾರುವುದು ಬರೀ ವ್ಯಾಪಾರ.

ಇದು ಆಗದ ಮಾತೇನಲ್ಲ. ನಾಗಪುರದ ಸವಿ ಸಾವರ್ಕರ್ ಕೊರಳಲ್ಲಿ ಮಡಿಕೆ ಕಟ್ಟಿಕೊಂಡ ಪೇಶ್ವೆ ಕಾಲದ ಅಸ್ಪೃಶ್ಯನನ್ನು ಒರಟು ಗೆರೆಯಲ್ಲಿ ತಂದು ನಿಲ್ಲಿಸಿದ್ದಾರೆ. ಅಲ್ಲಿ ನುಣುಪಿಗೆ ಜಾಗವಿಲ್ಲ. ಬೆಂಗಳೂರಿನ ಪುಷ್ಪಮಾಲಾ ಎನ್. 2000ದಿಂದ 2004ರವರೆಗೆ ಕ್ಲೇರ್ ಆರ್ನಿ ಜೊತೆ ಮಾಡಿದ ಫೋಟೊ ಸರಣಿಯಲ್ಲಿ ತಾವೇ ರವಿವರ್ಮನ ಲಕ್ಷ್ಮಿಯಾಗಿ ಕ್ಯಾಮರಾ ಮುಂದೆ ನಿಂತರು. ದೇವತೆಯ ವೇಷ ಎಷ್ಟು ತೆಳ್ಳಗಿದೆ ಎಂಬುದು ಆಗ ಬಯಲಾಯಿತು. ಎಣ್ಣೆಬಣ್ಣದ ಸುಳ್ಳನ್ನು ಕ್ಯಾಮರಾ ಹೀಗೂ ಹಿಡಿಯಬಲ್ಲದು.

ಇನ್ನೊಂದು ಮಾತು, ದುಡ್ಡಿನದು. ಕೈಯ ಫೋಟೊ ಕೊಟ್ಟ ಮುದುಕನ ಆ ದಿನದ ದುಡಿಮೆ ನಿಂತಿರುತ್ತದೆ. ಕಲಾವಿದ ಅದನ್ನು ಕಟ್ಟಿಕೊಡಬೇಕು. ಚಿತ್ರ ಹೈದರಾಬಾದಿಗೋ ಬೆಂಗಳೂರಿಗೋ ಮಾರಾಟವಾಗಿ ಹೋದರೂ, ಒಂದು ಅಚ್ಚಿನ ಪ್ರತಿ ಆ ಕೇರಿಯ ಶಾಲೆಯ ಗೋಡೆಗೆ ಬರಬೇಕು. ಯಂತ್ರ ಇರುವುದರಿಂದ ಅದಕ್ಕೆ ಬಹಳ ಖರ್ಚಂತೂ ಬರುವುದಿಲ್ಲ.